ಒಂದೇ ವಾರ ಹಿಡಿದ ಎರಡು ಪಟ್ಟು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತು ದಾಟಿದ ಅವರದು ದಿನವಿಡೀ ಟೈಪ್ ಮಾಡುವ ಕೆಲಸ. ಹಾಲು, ಮೊಟ್ಟೆ, ಮಾಂಸ ಬಿಟ್ಟು ವೀಗನ್ ಆದ ವಾರವೇ, ಕೀಲಿಮಣೆ ನೋಡದೆ ಹತ್ತೂ ಬೆರಳಿನಿಂದ ಟೈಪ್ ಮಾಡಲು ತಾವಾಗಿಯೇ ಕಲಿಯತೊಡಗಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಸಲಹೆ ಕೇಳಲು ನನ್ನೆದುರು ಕುಳಿತಿದ್ದರು.

“ಮೇಡಂ, ನನಗೆ ಮನೋಬಲವೇ ಇಲ್ಲ. ರಾತ್ರಿ ಎದ್ದು ಚೀಸ್ ತಿನ್ನುತ್ತೇನೆ. ಎರಡು ಬೆರಳಿನಲ್ಲಿ ಸಲೀಸಾಗಿ ಮುಗಿಸುತ್ತಿದ್ದ ಕೆಲಸ ಈಗ ದುಪ್ಪಟ್ಟು ಹೊತ್ತು ಹಿಡಿಯುತ್ತಿದೆ. ಬೆರಳೂ ಜುಮ್ಮೆನ್ನುತ್ತದೆ, ವಿಟಮಿನ್ ಬಿ12 ಕೊರತೆಯಿರಬೇಕು.”

ಮನೋಬಲದ ಮಾತನ್ನು ಬದಿಗಿಟ್ಟು ಬೆರಳಿನ ವಿಷಯ ಹಿಡಿದೆ. ಹಾಲೂ ಇಲ್ಲದ ಬರೀ ಸಸ್ಯಮೂಲದ ಆಹಾರದಿಂದ ಬಿ12 ನೆಚ್ಚುವಷ್ಟು ಸಿಗದು ಎಂಬುದು ನಿಜ. ಪೂರಕ ಮಾತ್ರೆಯೋ ಬಿ12 ಸೇರಿಸಿದ ಆಹಾರವೋ ಬೇಕೇ ಬೇಕು. ಆದರೆ ಯಕೃತ್ತಿನಲ್ಲಿರುವ ದಾಸ್ತಾನು ಸಾಮಾನ್ಯವಾಗಿ ವರ್ಷಗಟ್ಟಲೆ ಬರುತ್ತದೆ, ಒಂದು ತಿಂಗಳಲ್ಲಿ ಬರಿದಾಗುವಂಥದ್ದಲ್ಲ. ಅವರಿಗೆ ಜುಮ್ಮೆನ್ನುತ್ತಿದ್ದದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳು ಸರಿಯಾಗಿತ್ತು. ಮಣಿಕಟ್ಟಿನಲ್ಲಿ ನರ ಅದುಮಿದಾಗ ಕಾಣುವ ಲಕ್ಷಣವಿದು. ಆದರೂ ರೋಗ ನಿರ್ಣಯ ನನ್ನ ಕೆಲಸವಲ್ಲ, ವೈದ್ಯರಲ್ಲಿಗೆ ಕಳುಹಿಸಿದೆ. ಅವರೂ ಮಣಿಕಟ್ಟನ್ನೇ ಬೊಟ್ಟುಮಾಡಿದರು. ಬಿ12 ಮಾತ್ರೆಯನ್ನು ಹೇಗೂ ಶುರುಮಾಡಿಸಿದರು. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬುಗೆರೆ ತಡವಿ ಬೆರಳಿಡುವುದನ್ನು ಇವರು ಚೆನ್ನಾಗಿ ಕಲಿತಿದ್ದರು, ಆದರೆ ಮಣಿಕಟ್ಟನ್ನು ಮೇಜಿಗೆ ಊರಿ, ಅಂಗೈಯನ್ನು ಹಿಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಕೂರುತ್ತಿದ್ದರು.

ಇನ್ನು ಚೀಸ್. ತಿಂದದ್ದನ್ನು ಬರೆಯಬೇಡಿ, ಅಂದು ಮಧ್ಯಾಹ್ನ ಏನು ಉಂಡಿರಿ ಎಂಬುದನ್ನು ಬರೆಯಿರಿ ಎಂದೆ. ಚೀಸ್ ತಿಂದ ರಾತ್ರಿಗಳ ಹಿಂದೆಲ್ಲ ಅರೆಹೊಟ್ಟೆಯ ಮಧ್ಯಾಹ್ನವಿತ್ತು. ಅವರು ಹಲವನ್ನು ಬಿಟ್ಟಿದ್ದರು, ಆ ಜಾಗಕ್ಕೆ ಏನನ್ನೂ ತಂದಿರಲಿಲ್ಲ. ತರಕಾರಿಯಲ್ಲಿ ನೀರು, ನಾರು ಹೆಚ್ಚು. ತಟ್ಟೆ ತುಂಬಿದಂತೆ ಕಂಡರೂ ಶಕ್ತಿ ಸಾಲದು. ಕಾಳು, ಸೋಯಾ, ಬೀಜಗಳನ್ನು ಸೇರಿಸಲು ಹೇಳಿದೆ. ಹೊಟ್ಟೆಯುಬ್ಬರ ಆಗಲೇ ಇದ್ದುದರಿಂದ ಕಾಳನ್ನು ನೆನೆಸಿ, ಚೆನ್ನಾಗಿ ಬೇಯಿಸಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಲಿ ಎಂದೂ ಹೇಳಿದೆ.

ಟೈಪಿಂಗ್ ವಿಷಯದಲ್ಲಿ ನನ್ನ ಸಲಹೆ ಅವರಿಗೆ ರುಚಿಸಲಿಲ್ಲ: ಗಡುವಿನ ಕೆಲಸವನ್ನೆಲ್ಲ ಹಳೆಯ ಎರಡು ಬೆರಳಿನಲ್ಲೇ ಮುಗಿಸಿ, ಹೊಸ ಪದ್ಧತಿಗೆ ದಿನಕ್ಕೆ ಕಾಲು ಗಂಟೆ ಸಾಕು, ವೇಗ ಅಳೆಯದೆ, ತಪ್ಪಿಲ್ಲದಂತೆ. ಎರಡನ್ನೂ ಬೆರೆಸಿದರೆ ರೂಢಿ ಕೆಡುತ್ತದೆ ಎನ್ನುವವರಿದ್ದಾರೆ. ಕಲಿಕೆ ತಡವಾಗಬಹುದು, ಒಪ್ಪುತ್ತೇನೆ. ಆದರೆ ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಕಲಿಯುವುದಕ್ಕಿಂತ ಅದು ವಾಸಿ. “ಅದು ಸೋಲೊಪ್ಪಿಕೊಂಡಂತೆ ಅಲ್ಲವೇ?” ಎಂದರು. ಸೋಲು ಯಾರೆದುರು ಎಂದು ಕೇಳಿದೆ. ಉತ್ತರ ಹೊಳೆಯದೆ ನಕ್ಕರು.

ಕೊನೆಯ ಭೇಟಿಯ ಹೊತ್ತಿಗೆ ರಾತ್ರಿಯ ಚೀಸ್ ಅಪರೂಪವಾಗಿತ್ತು, ಪೂರ್ತಿ ನಿಂತಿರಲಿಲ್ಲ. ಅಕ್ಷರಗಳಿಗೆ ಹತ್ತೂ ಬೆರಳು ಒಗ್ಗಿದ್ದವು. ಅಂಕಿಗಳ ಸಾಲನ್ನು ಮಾತ್ರ ನೋಡಿಯೇ ಒತ್ತುತ್ತಿದ್ದರು. ಅದನ್ನು ಸದ್ಯಕ್ಕೆ ಕಲಿಯುವುದಿಲ್ಲವೆಂದು ಅವರೇ ತೀರ್ಮಾನಿಸಿದ್ದರು.