ಗರ್ಭಿಣಿಯ ಗೊರಕೆ ಮತ್ತು ನಡುವೆ ನಿಲ್ಲುವ ಉಸಿರು

ನೀವು ಬರೆದಿರುವಂತೆ, ಏಳನೇ ತಿಂಗಳಿನಲ್ಲಿ ನಿಮ್ಮ ಪತ್ನಿಗೆ ಹೊಸದಾಗಿ ಶುರುವಾಗಿರುವ ಜೋರು ಗೊರಕೆ, ನಡುವೆ ಉಸಿರು ನಿಂತು ಏದುಸಿರಿನೊಂದಿಗೆ ಮರಳುವುದು ಮತ್ತು ಬೆಳಗಿನ ತಲೆನೋವು ಒಟ್ಟಿಗೆ ಕಾಣಿಸುತ್ತಿರುವುದರಿಂದ, ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುವ ಸ್ಲೀಪ್ ಆಪ್ನಿಯಾ ಇರುವ ಸಾಧ್ಯತೆ ಹೆಚ್ಚು. ಮೂಗಿನ ಒಳಪದರ ಊದಿಕೊಳ್ಳುವುದರಿಂದ ಬರಿಯ ಗೊರಕೆ ಅನೇಕ ಗರ್ಭಿಣಿಯರಿಗೆ ಬರುತ್ತದೆ. ಉಸಿರು ನಿಲ್ಲುವುದನ್ನು ಮಾತ್ರ ಹಾಗೆಂದು ಬಿಟ್ಟುಬಿಡಬಾರದು. ಖಚಿತವಾಗಿ ಹೇಳಲು, ಮಲಗಿದ್ದಾಗಿನ ಉಸಿರಾಟವನ್ನು ಅಳೆಯುವ ನಿದ್ರಾ ಪರೀಕ್ಷೆಯೇ ಆಗಬೇಕು.

ಇಂದು ರಾತ್ರಿಯೇ ಅವರು ಮಲಗಿದ ಮೇಲೆ ಕೆಲವು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ನನ್ನ ತಂಗಿಗೆ ಹೀಗೇ ಆದಾಗ, ಎದೆ ಏರಿಳಿಯುತ್ತಿದ್ದರೂ ಗೊರಕೆಯ ಸದ್ದು ಪೂರ್ತಿ ನಿಂತಿದ್ದ ಒಂದು ತುಣುಕನ್ನು ನೋಡಿದ ಮೇಲೆಯೇ ವೈದ್ಯರು ಪರೀಕ್ಷೆ ಬರೆದುಕೊಟ್ಟರು. ನಿಮ್ಮ ವಿಡಿಯೊವನ್ನು ಈ ವಾರವೇ ಪ್ರಸೂತಿ ವೈದ್ಯರಿಗೆ ತೋರಿಸಿ, ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತದ ಸಕ್ಕರೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಈ ತೊಂದರೆಯಿರುವ ಗರ್ಭಿಣಿಯರಲ್ಲಿ ಅಧಿಕ ರಕ್ತದೊತ್ತಡ, ಪ್ರೀಎಕ್ಲಾಂಪ್ಸಿಯಾ (ರಕ್ತದೊತ್ತಡ ಏರುವುದರ ಜೊತೆಗೆ ಮೂತ್ರಪಿಂಡದಂಥ ಅಂಗಗಳಿಗೂ ತೊಂದರೆಯಾಗುವ ಸ್ಥಿತಿ) ಮತ್ತು ಗರ್ಭಾವಸ್ಥೆಯ ಮಧುಮೇಹ ಹೆಚ್ಚಾಗಿ ಕಂಡುಬರುತ್ತವೆ.

ಅಲ್ಲಿಯವರೆಗೆ ಮಗ್ಗುಲಾಗಿ, ತಲೆಯನ್ನು ತುಸು ಎತ್ತರಿಸಿ ಮಲಗಲಿ. ನಿದ್ರೆ ಮಾತ್ರೆಯನ್ನು ತಾವಾಗಿಯೇ ತೆಗೆದುಕೊಳ್ಳುವುದು ಬೇಡ, ಅದು ಉಸಿರನ್ನು ಇನ್ನಷ್ಟು ಕುಗ್ಗಿಸಬಹುದು. ಪರೀಕ್ಷೆಯಲ್ಲಿ ದೃಢಪಟ್ಟು ವೈದ್ಯರು ಸಿಪ್ಯಾಪ್ ಯಂತ್ರ ಸೂಚಿಸಿದರೆ ಹೆದರಬೇಡಿ. ಅದು ಗಾಳಿಯ ಒತ್ತಡದಿಂದ ದಾರಿಯನ್ನು ತೆರೆದಿಡುತ್ತದೆಯಷ್ಟೆ, ಗರ್ಭಿಣಿಯರೂ ಬಳಸುತ್ತಾರೆ. ಹೆರಿಗೆಯ ಹೊತ್ತಿಗೆ ಅರಿವಳಿಕೆ ವೈದ್ಯರಿಗೂ ಈ ವಿಷಯ ತಪ್ಪದೆ ತಿಳಿದಿರಬೇಕು.

ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕಣ್ಣು ಮಂಜಾದರೆ, ತಲೆನೋವು ವಿಪರೀತವಾದರೆ, ಮೇಲ್ಹೊಟ್ಟೆ ನೋಯತೊಡಗಿದರೆ, ಮುಖ ದಿಢೀರನೆ ಊದಿಕೊಂಡರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ಬೆಳಗಾಗುವುದಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.