ಮೂರು ಮಕ್ಕಳು, ಒಂದು ನಾಯಿಮರಿ: ಯಾರಿಗೆ ಯಾವ ಕೆಲಸ?

ದಾವಣಗೆರೆಯಲ್ಲಿ ಮನೆ, 3, 7, 13 ವರ್ಷದ ಮಕ್ಕಳು, 4 ತಿಂಗಳ ನಾಟಿ ಮರಿ. ಮೂವರೂ 'ನಾನೇ ನೋಡ್ಕೋತೀನಿ' ಅಂತಾರೆ, ಹೇಗೆ ಹಂಚಲಿ ಅಂತ ಕೇಳಿದ್ದೀರಿ. ಕೆಲಸ ಮಕ್ಕಳಿಗೆ ಕೊಡಿ, ಹೊಣೆ ನಿಮ್ಮ ಹತ್ತಿರವೇ ಇರಲಿ.

ಊಟ, ನೀರು 7 ವರ್ಷದವಳಿಗೆ. ಗೋಡೆಗೆ ಚಾರ್ಟ್ ಅಂಟಿಸಿದರೆ ನಾಲ್ಕು ದಿನ ನಡೆಯುತ್ತೆ, ಅಷ್ಟೇ. ಅದರ ಬದಲು ಬೆಳಿಗ್ಗೆ ನೀವೇ ಅಳೆದು ಮೂರು ಡಬ್ಬಿ ತುಂಬಿಡಿ. ಈ ವಯಸ್ಸಿನ ಮರಿಗೆ ದಿನಕ್ಕೆ ಮೂರು ಹೊತ್ತು. ಡಬ್ಬಿ ಖಾಲಿ ಅಂದ್ರೆ ಮರಿ ಉಂಡಿದೆ. ಇಲ್ಲದಿದ್ದರೆ ಅಜ್ಜಿ ಒಮ್ಮೆ, ಅಣ್ಣ ಒಮ್ಮೆ ಹಾಕಿ ಮರಿಗೆ ಭೇದಿ ಹಿಡಿಯುತ್ತೆ. ಅನ್ನ-ಮೊಟ್ಟೆ ಕೊಡೋದಾದ್ರೆ ಡಬ್ಬಿ ಫ್ರಿಜ್‌ನಲ್ಲಿರಲಿ, ನಮ್ಮ ಬೇಸಿಗೆಗೆ ಮಧ್ಯಾಹ್ನಕ್ಕೇ ಹಳಸುತ್ತೆ. ನೀರಿನ ಬಟ್ಟಲಿನ ತಳವನ್ನು ಬೆರಳಿಂದ ಸವರಿ ನೋಡೋಕೆ ಕಲಿಸಿ: ಲೋಳೆ ಹತ್ತಿದರೆ ನೀರು ಬದಲಿಸಿದರೆ ಸಾಲದು, ಉಜ್ಜಿ ತೊಳೀಬೇಕು.

ಸಂಜೆ ಮಂಡಕ್ಕಿ-ಮಿರ್ಚಿ ಹೊತ್ತಲ್ಲಿ ಮೂವರ ಮೇಲೂ ಕಣ್ಣಿಡಿ. ಮಂಡಕ್ಕಿಯಲ್ಲಿರೋ ಈರುಳ್ಳಿ ನಾಯಿಯ ರಕ್ತದ ಕೆಂಪುಕಣ ಒಡೆಯುತ್ತೆ, ಬೇಯಿಸಿದರೂ ಅಷ್ಟೇ. ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

3 ವರ್ಷದ ಕೂಸಿಗೆ ಡಬ್ಬಿಯಿಂದ ತಟ್ಟೆಗೆ ಸುರಿಯೋ ಕೆಲಸ ಸಾಕು, ಅದೂ ನೀವು ಪಕ್ಕದಲ್ಲಿದ್ದಾಗ. ಮರಿಗೆ ಈಗ ಹಲ್ಲು ಬದಲಾಗೋ ಕಾಲ, ಸಿಕ್ಕಿದ್ದೆಲ್ಲ ಕಚ್ಚುತ್ತೆ. ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ. ಉಣ್ಣುವಾಗ, ಮಲಗಿದಾಗ ಮುಟ್ಟೋದು ಬೇಡ. ಅಪ್ಪಿಕೊಳ್ಳೋದಂತೂ ಬೇಡವೇ ಬೇಡ.

13ರವನಿಗೆ ಮರಿ ಮೈಮೇಲೆ ರಕ್ತ ಹೀರೋ ಉಣ್ಣಿ ಹುಡುಕೋದು, ಕಕ್ಕ ತೆಗೆಯೋದು. ಕಿವಿಯೊಳಗೆ, ಬೆರಳ ಸಂದಿ, ಕೊರಳಪಟ್ಟಿಯ ಅಡಿ, ಬಾಲದ ಬುಡ ದಿನಾ ನೋಡಲಿ. ಸಿಕ್ಕ ಉಣ್ಣಿಯನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆದು ಸ್ಪಿರಿಟ್‌ಗೆ ಹಾಕಬೇಕು, ಉಗುರಲ್ಲಿ ಕುಕ್ಕಬಾರದು. ದನಕ್ಕೆ ಹಚ್ಚೋ ಉಣ್ಣಿ ಔಷಧಿ ಮಕ್ಕಳ ಕೈಗೆ ಸಿಗದಿರಲಿ. ಹಗ್ಗ ಹಿಡಿದು ಹೊರಗೆ ಹೋಗುವಾಗ ಬೀದಿನಾಯಿಗಳು ಮುತ್ತುತ್ತವೆ, ದೊಡ್ಡವರು ಜೊತೆಗಿರಿ. ಟಾರು ರಸ್ತೆಗೆ ಅಂಗೈಯ ಹಿಂಬದಿ ಐದು ಸೆಕೆಂಡ್ ಇಡೋಕಾಗದಿದ್ದರೆ ಮರಿಯ ಕಾಲೂ ಸುಡುತ್ತೆ.

ಇನ್ನೊಂದು. ಹಲ್ಲು, ಉಗುರು ತಾಗಿದ್ದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡ್ತಾರೆ. ಹೇಳಿದರೆ ಮರಿಯನ್ನು ಯಾರಿಗೂ ಕೊಟ್ಟುಬಿಡಲ್ಲ ಅಂತ ಈಗಲೇ ಮಾತು ಕೊಡಿ. ಗೀರಾದರೂ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ಮರಿಗೆ 3 ತಿಂಗಳಿಗೆ ಹಾಕಿಸಬೇಕಾದ ರೇಬಿಸ್ ಲಸಿಕೆ ಬಾಕಿ ಇದ್ದರೆ ನಾಳೆಯೇ ಪಶು ಆಸ್ಪತ್ರೆಗೆ ಒಯ್ಯಿರಿ.