ಹಾಟ್ ಟಬ್ಬಿಗೆ ಅರ್ಥಿಂಗ್ ಒಂದೇ ಸಾಕಾ?

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ನಮ್ಮ ತೋಟದ ಮನೆಯನ್ನು ಹೋಂಸ್ಟೇ ಮಾಡುತ್ತಿದ್ದೇವೆ. ಹಿತ್ತಲಲ್ಲಿ ಆರು ಜನ ಕೂರುವ ಹಾಟ್ ಟಬ್ (ಬಿಸಿನೀರಿನ ತೊಟ್ಟಿ) ಇಡಬೇಕು, ಮುಂದಿನ ವಾರ ಅದರ ಜಾಗಕ್ಕೆ ಕಾಂಕ್ರೀಟ್ ಹಾಕಿಸುತ್ತೇವೆ. ಟಬ್ಬಿನ ಜೊತೆ ಬಂದ ಪುಸ್ತಕದಲ್ಲಿ ಅರ್ಥಿಂಗ್ ಅಲ್ಲದೆ ಬಾಂಡಿಂಗ್ ಕೂಡ ಮಾಡಿ ಅಂತ ಇದೆ. ನಮ್ಮ ಎಲೆಕ್ಟ್ರಿಷಿಯನ್, "ಇನ್ನೊಂದು ಅರ್ಥ್ ಗುಂಡಿ ತೋಡಿದರೆ ಎರಡೂ ಆಯ್ತು" ಅನ್ನುತ್ತಾರೆ. ಸರಿನಾ?

ಉತ್ತರ: ಸರಿ ಅಲ್ಲ. ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ಕಾಂಕ್ರೀಟ್ ಸ್ವಲ್ಪ ತಡೆಯಿರಿ ಅಂತ ಹೇಳಿ. ಬಾಂಡಿಂಗಿನ ಮುಖ್ಯ ಕೆಲಸ ಇರುವುದೇ ಅದರ ಕೆಳಗೆ.

ಅರ್ಥಿಂಗ್ ಬೇರೆ, ಬಾಂಡಿಂಗ್ ಬೇರೆ. ಕರೆಂಟು ಲೀಕ್ ಆದಾಗ ಅದಕ್ಕೊಂದು ದಾರಿ ಕೊಟ್ಟು ಲೈನ್ ತಾನೇ ಆಫ್ ಆಗುವಂತೆ ಮಾಡುವುದು ಅರ್ಥಿಂಗ್. ಟಬ್ಬಿನ ಲೋಹ, ಪಕ್ಕದ ರೇಲಿಂಗ್, ಕಾಲಿಡುವ ನೆಲ ಎಲ್ಲವನ್ನೂ ಒಂದೇ ವೋಲ್ಟೇಜಿನಲ್ಲಿ ಇಡುವುದು ಬಾಂಡಿಂಗ್. ನೀವು ನಾಲೆ ಬಯಲಿನವರು, ನಿಮಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆ. ಎರಡು ಗದ್ದೆಯ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಬದು ಕಡಿದರೂ ನೀರು ಹರಿಯುವುದಿಲ್ಲ, ಅಲ್ವಾ? ಕಾಲು ನೀರಲ್ಲಿಟ್ಟು ಕೈಯಲ್ಲಿ ರೇಲಿಂಗ್ ಹಿಡಿದಾಗ, ಆ ಕಡಿದ ಬದುವಿನ ಜಾಗದಲ್ಲಿ ಇರುವುದು ನಿಮ್ಮ ಮೈ. ಎರಡೂ ಕಡೆ ಮಟ್ಟ ಒಂದೇ ಇರಬೇಕು, ಅಷ್ಟೇ. ಬೇರೆ ಗುಂಡಿ ತೋಡಿ ಅದನ್ನು ಮನೆಯ ಅರ್ಥಿಗೆ ಸೇರಿಸದೇ ಬಿಟ್ಟರೆ ಎರಡು ಮಟ್ಟ ನೀವೇ ಮಾಡಿದ ಹಾಗಾಗುತ್ತದೆ.

ಮಂಡ್ಯದ ಒಂದು ಮನೆಯ ಬಚ್ಚಲಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಗೀಸರ್ ಲೀಕ್ ಆಗುತ್ತಿತ್ತು, ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿತ್ತು, ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳಲೇ ಇಲ್ಲ. ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದವರಿಗೆಲ್ಲ ಜುಮ್ ಅನ್ನುತ್ತಿತ್ತು. ಅರ್ಥ್ ವೈರ್ ಇತ್ತು, ಆದರೂ ಹೀಗೆ. ನೆಲ, ನಲ್ಲಿ ಎರಡೂ ಒಂದೇ ಮಟ್ಟದಲ್ಲಿ ಇರಲಿಲ್ಲ, ಅಂದರೆ ಬಾಂಡಿಂಗ್ ಇರಲಿಲ್ಲ.

ಈಗ ಕೆಲಸಕ್ಕೆ ಬರೋಣ. ಅಮೆರಿಕದ ನಿಯಮದಲ್ಲಿ ಬಾಂಡಿಂಗಿಗೆ 8 ಗೇಜಿನ ಒಂಟಿ ಎಳೆಯ ತಾಮ್ರದ ತಂತಿ ಕೇಳುತ್ತಾರೆ, ದಪ್ಪ ಸುಮಾರು 3.3 ಮಿ.ಮೀ. ಅವರ ಗೇಜ್ ಬೇರೆ, ನಮ್ಮ ಗೇಜ್ ಬೇರೆ. ನಮ್ಮಲ್ಲಿ ಅರ್ಥಿಂಗಿಗೆ ಬಳಸುವ 8 ಗೇಜ್ ತಂತಿ ಸುಮಾರು 4 ಮಿ.ಮೀ. ಇರುತ್ತದೆ, ಇನ್ನೂ ಒಳ್ಳೆಯದೇ. ಕಾಂಕ್ರೀಟಿನ ಕಂಬಿ ಜಾಲರಿಯನ್ನು ಬೈಂಡಿಂಗ್ ವೈರಿನಿಂದ ಬಿಗಿಯಾಗಿ ಕಟ್ಟಿಸಿ, ಟಬ್ಬಿನ ಅಂಚಿನಿಂದ ಆಚೆ 3 ಅಡಿಯವರೆಗೂ ಜಾಲರಿ ಬರಲಿ. ತಾಮ್ರದ ತಂತಿಯನ್ನು ಕಂಬಿಗೆ ಸುಮ್ನೆ ಸುತ್ತಿ ಬಿಡಬೇಡಿ. ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕ್ಲ್ಯಾಂಪ್ ಹಾಕಿಸಿ, ಇಲ್ಲದಿದ್ದರೆ ಕಾಂಕ್ರೀಟಿನೊಳಗೆ ತುಕ್ಕು ಹಿಡಿದು ಬಿಟ್ಟುಹೋಗುತ್ತದೆ, ಆಮೇಲೆ ಯಾರಿಗೂ ಕಾಣುವುದಿಲ್ಲ. ತಂತಿಯ ಇನ್ನೊಂದು ತುದಿ ಟಬ್ಬಿನ ಬಾಂಡಿಂಗ್ ಸ್ಕ್ರೂಗೆ ಬರಬೇಕು. ಟಬ್ಬಿನಿಂದ 5 ಅಡಿಯೊಳಗಿನ ಕಬ್ಬಿಣದ ರೇಲಿಂಗ್, ಮೆಟ್ಟಿಲು, ಲೋಹದ ಪೈಪು ಇವೂ ಅದಕ್ಕೇ ಸೇರಲಿ. ಪ್ಲಾಸ್ಟಿಕ್ ಪೈಪಿಗೆ ಬೇಡ.

ಬಾಂಡಿಂಗ್ ಇದೆ ಅಂತ ಆರ್‌ಸಿಸಿಬಿ, ಅಂದರೆ ಕರೆಂಟು ಲೀಕ್ ಆದ ತಕ್ಷಣ ಲೈನ್ ಕಡಿಯುವ ಸ್ವಿಚ್, ಬಿಡುವಂತಿಲ್ಲ. ಟಬ್ಬಿನ ಲೈನಿಗೆ 30 ಮಿಲಿ ಆಂಪ್ಸಿನದ್ದು ಬೇಕೇ ಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಓವರ್‌ಲೋಡಿಗೆ ಎಂಸಿಬಿ ಬೇರೆ. ಟಬ್ಬಿನ ಮೇನ್ ಸ್ವಿಚ್ ಕಣ್ಣಿಗೆ ಕಾಣುವ ಜಾಗದಲ್ಲಿರಲಿ, ಆದರೆ ನೀರಲ್ಲಿ ಕೂತವರ ಕೈಗೆ ಎಟುಕಬಾರದು, ಕಡಿಮೆ ಅಂದರೂ 5 ಅಡಿ ದೂರ. ಇನ್ನೊಂದು ಮಾತು, ಟಬ್ಬಿನ ಮೇಲಿನ ಪ್ಲೇಟಿನಲ್ಲಿ 230 ವೋಲ್ಟ್, 50 ಹರ್ಟ್ಜ್ ಇದೆಯಾ ನೋಡಿಕೊಳ್ಳಿ. ಅಮೆರಿಕದ ಟಬ್ಬುಗಳು 60 ಹರ್ಟ್ಜ್‌ನವು.

ನಿಮ್ಮ ಎಲೆಕ್ಟ್ರಿಷಿಯನ್ ಮೇಲೆ ಸಿಟ್ಟಾಗಬೇಡಿ, ನಮ್ಮ ಕಡೆ ಈ ಕೆಲಸ ಬರುವುದೇ ಅಪರೂಪ. ಈ ಪುಟ ತೋರಿಸಿ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಒಬ್ಬರನ್ನು ಜೊತೆಗೆ ಕರೆಸಿ. ಕಾಂಕ್ರೀಟ್ ಸುರಿಯುವ ಮೊದಲು ಕ್ಲ್ಯಾಂಪುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ಕರೆಂಟ್ ಆಫ್ ಮಾಡಿ, ಟಬ್ಬಿನ ಸ್ಕ್ರೂಗೂ ರೇಲಿಂಗಿಗೂ ಮಲ್ಟಿಮೀಟರ್ ಹಿಡಿಸಿ. ಓಮ್ಸ್ (ಕರೆಂಟಿಗೆ ಇರುವ ತಡೆಯ ಅಳತೆ) ಸೊನ್ನೆಯ ಹತ್ತಿರ ಬಂದರೆ ಮಾತ್ರ ಟಬ್ಬಿಗೆ ನೀರು ತುಂಬಿಸಿ.